ಬೇಸಗೆಗೆ ಮಾತ್ರ ಬರುವ ವಿಮಾನ

ವಿಮಾನದ ಸದ್ದು ತಲೆಯ ಮೇಲೆಯೇ ಕೇಳುತ್ತಿತ್ತು, ವಿಮಾನ ಮಾತ್ರ ಕಾಣಿಸಲಿಲ್ಲ. ಕಡಲಿನಿಂದ ಎದ್ದು ಬಂದ ಮಂಜು ಗಾಜಿನಾಚೆ ನಿಂತಿದ್ದ ಸಾಮಾನಿನ ಗಾಡಿಯನ್ನೂ ಅಳಿಸಿಹಾಕಿತ್ತು. ಸದ್ದು ಒಂದು ಸುತ್ತು ಹೊಡೆಯಿತು, ಇನ್ನೊಂದು ಸುತ್ತು ಹೊಡೆಯಿತು, ಆಮೇಲೆ ಸಣ್ಣದಾಗುತ್ತ ಹೋಗಿ ನಿಂತೇಬಿಟ್ಟಿತು. ಆ ಬೇಸಗೆಯ ಮೊದಲ ಲಂಡನ್ ವಿಮಾನ ಅಟ್ಲಾಂಟಿಕ್ ಸಾಗರವನ್ನೇ ದಾಟಿ ಬಂದು, ನಮ್ಮ ನೆತ್ತಿಯ ಮೇಲಿಂದ ಬೇರೆ ಊರಿಗೆ ಹೋಗಿತ್ತು. ಅದರಲ್ಲೇ ಹೊರಡಬೇಕಿದ್ದವರು ನನ್ನ ಕೌಂಟರಿನ ಮುಂದೆ ಸಾಲಾಗಿ ನಿಂತಿದ್ದರು. ನನಗದು ಕೆಲಸದ ಮೊದಲ ದಿನ. ಈಗ ಬೈಗುಳ ಶುರುವಾಗುತ್ತದೆಂದು ಕಾದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಚೀಲದಿಂದ ಬ್ರೆಡ್ಡು ತೆಗೆದು ನನಗೂ ಒಂದು ತುಂಡು ಕೊಟ್ಟರು.

"ಮಾಝಿ ದಿನ" ಎಂದಳು ನನ್ನ ಮೇಲ್ವಿಚಾರಕಿ ಮೊರೀನ್. ಮಂಜು ಮುಸುಕಿ ಮೈಗೆಲ್ಲ ಅಂಟುವ ಹವೆಗೆ ಇಲ್ಲಿನವರ ಮಾತು ಅದು.

ಇದು ಕೆನಡಾದ ಪೂರ್ವದ ತುದಿ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್. ನಾನು ಕಕ್ಕಿಂಜೆಯ ಹರಿಣಾಕ್ಷಿ. ಉಜಿರೆಯಲ್ಲಿ ಓದಿ, ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೊಡುತ್ತಿದ್ದವಳು. ಗಂಡ ಉಮೇಶ್ ಮೀನಿನ ಕೋಲ್ಡ್ ಸ್ಟೋರೇಜಿನ ಮೆಕ್ಯಾನಿಕ್. ಇಲ್ಲಿನ ಮೀನಿನ ಕಾರ್ಖಾನೆಯೊಂದು ಅವರನ್ನು ಕರೆಯಿತು, ಇಬ್ಬರೂ ಬಂದೆವು.

ಬಾಡಿಗೆಗೆ ಸಿಕ್ಕಿದ್ದು ನೆಲದಡಿಯ ಮನೆ. ಕಿಟಕಿಯಲ್ಲಿ ಕಾಣುತ್ತಿದ್ದದ್ದು ದಾರಿಹೋಕರ ಪಾದಗಳು. ನಮ್ಮಲ್ಲಿ ಚಪ್ಪಲಿ ನೋಡುವ ಮೊದಲು ಮುಖ ನೋಡುತ್ತೇವೆ, ಇಲ್ಲಿ ಬೂಟು ನೋಡಿ ನೆರೆಯವರನ್ನು ಗುರುತಿಸಲು ಕಲಿತೆ. ಕುಚ್ಚಲಕ್ಕಿ ಎಲ್ಲಿಯೂ ಸಿಗಲಿಲ್ಲ. ಮೊರೀನ್ ತಂದುಕೊಟ್ಟ 'ಟೌಟನ್', ಅಂದರೆ ಉಳಿದ ಬ್ರೆಡ್ಡಿನ ಹಿಟ್ಟನ್ನು ತಟ್ಟಿ ಕರಿದು, ಬೆಲ್ಲದ ಪಾಕದಂಥದ್ದನ್ನು ಸುರಿದ ತಿಂಡಿ, ಬಾಯಿಗಿಟ್ಟಾಗ ಬಂಟ್ವಾಳದ ಹೋಟೆಲಿನ ಬನ್ಸ್ ನೆನಪಾಯಿತು. ನನ್ನ ಇಂಗ್ಲಿಷ್ ಕೂಡ ಅರ್ಧಕ್ಕರ್ಧ ನಡೆಯಲಿಲ್ಲ. ಇಲ್ಲಿನವರು ಮಾತಿಗೊಮ್ಮೆ 'ಬೈ' ಎನ್ನುತ್ತಾರೆ. ಹೊರಟರೆಂದು ತಿಳಿದು ನಾನು ಕೈಬೀಸಿದ್ದೂ ಉಂಟು. ಅದು ನಮ್ಮ 'ಮಾರಾಯ' ಎಂದು ಗೊತ್ತಾದ ದಿನ ಪರದೇಶ ಸ್ವಲ್ಪ ಕರಗಿತು.

ಆ ಲಂಡನ್ ವಿಮಾನ ಬೇಸಗೆಯ ಅತಿಥಿ. ಪ್ರವಾಸಿಗರು ಇರುವವರೆಗೆ ಬರುತ್ತದೆ, ಚಳಿ ಹತ್ತಿದಂತೆ ನಿಲ್ಲುತ್ತದೆ. ನನ್ನ ಕೆಲಸವೂ ಅದಕ್ಕೆ ಕಟ್ಟಿಹಾಕಿದ್ದು. ಸೆಪ್ಟೆಂಬರ್ ಮುಗಿಯುವಾಗ ಸಂಸ್ಥೆಯವರು ನಮ್ಮನ್ನೆಲ್ಲ ಕೂರಿಸಿ, ಮುಂದಿನ ವರ್ಷ ವಿಮಾನ ಬರುವುದೇ ಖಾತ್ರಿಯಿಲ್ಲ ಎಂದರು.

ಉಮೇಶ್ ಅಂದು ಊಟ ಮಾಡುತ್ತ ಹೇಳಿದರು, "ಟೊರೊಂಟೊಗೆ ಹೋಗುವ, ಮಾರಾಯ್ತಿ. ಅಲ್ಲಿ ತುಳು ಮಾತಾಡುವವರಾದ್ರೂ ಉಂಟು. ಇಲ್ಲಿ ಎಂತ ಉಂಟು?"

"ನಿಮಗೆ ಇಲ್ಲಿ ಕೆಲಸ ಉಂಟಲ್ಲ. ನಾನೊಂದು ಚಳಿಗಾಲ ನೋಡ್ತೇನೆ."

"ಕೆಲಸ ಇಲ್ಲದೆ?"

"ಹುಡುಕ್ತೇನೆ."

ಹುಡುಕಿದ್ದು ರೆಕ್ಕೆಯ ಕೆಲಸ. ಇಲ್ಲಿ ವಿಮಾನದ ರೆಕ್ಕೆಯ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸದೆ ಹಾರುವ ಹಾಗಿಲ್ಲ. ಲಾರಿಯ ಮೇಲಿನ ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ನಿಂತು, ಬಿಸಿ ಮಾಡಿದ ಕೇಸರಿ ಬಣ್ಣದ ದ್ರಾವಣವನ್ನು ರೆಕ್ಕೆಗೆ ಸಿಂಪಡಿಸಬೇಕು. ಅಡಿಕೆಗೆ ಮದ್ದು ಬಿಟ್ಟ ಹಾಗೆಯೇ, ಆದರೆ ಮೇಲಿನಿಂದ ಕೆಳಕ್ಕೆ. ತರಬೇತಿಗೆ ಬಂದಿದ್ದ ಹೆಂಗಸು ನಾನೊಬ್ಬಳೇ. ಮೊದಲ ಸಲ ಪೆಟ್ಟಿಗೆ ಮೇಲೇರಿದಾಗ ಗಾಳಿಗೆ ಅದು ತೂಗಾಡಿ, ನನ್ನ ಕೈ ಕೊಳವೆಯನ್ನೇ ಬಿಟ್ಟಿತು. ದ್ರಾವಣವೆಲ್ಲ ಲಾರಿಯ ಗಾಜಿನ ಮೇಲೆ. ಕೆಳಗಿದ್ದವರು ನಕ್ಕರು. ಇಳಿದು ಬಂದು, ಅತ್ತು, ಮುಖ ಒರೆಸಿಕೊಂಡು ಮತ್ತೆ ಹತ್ತಿದೆ. ಡಿಸೆಂಬರ್ ಹೊತ್ತಿಗೆ ಕೈ ಪಳಗಿತು. ನಾನು ತೊಳೆದ ವಿಮಾನ ನೆಲ ಬಿಟ್ಟು ಏರಿದಾಗಲೆಲ್ಲ, ಅದರಲ್ಲಿ ಕೂತವರಿಗೆ ಗೊತ್ತಿಲ್ಲದೆ ನಾನೇ ಅವರನ್ನು ಬೀಳ್ಕೊಟ್ಟಂತೆ ಆಗುತ್ತಿತ್ತು.

ಆ ಚಳಿಯಲ್ಲೇ ವಿಮಾನ ಸಂಸ್ಥೆಯ ಅಧಿಕಾರಿಯೊಬ್ಬರು ಸೇಂಟ್ ಜಾನ್ಸಿಗೆ ಬಂದು ಲಂಡನ್ ವಿಮಾನದ ಬಗ್ಗೆ ಸಭೆ ಕರೆದರು. ಹಿಂದಿನ ದಿನ ಅಕ್ಕನಿಗೆ ಫೋನ್ ಮಾಡಿದ್ದೆ. ಅಕ್ಕ ಲೋಲಾಕ್ಷಿ ಬಂಟ್ವಾಳದಲ್ಲಿದ್ದಾಳೆ, ಮೂಡಬಿದ್ರೆ ದಾರಿಯಲ್ಲಿ ಸ್ವಂತದ ಒಂದು ಬಸ್ಸು ಓಡಿಸುತ್ತಾಳೆ. ಕಾಲೇಜಿಗೆ ರಜೆ ಬಿದ್ದರೆ ಅವಳ ಬಸ್ಸು ಖಾಲಿ.

"ರಜೆಯಲ್ಲಿ ನೀನು ಎಂತ ಮಾಡುದು ಅಕ್ಕ?"

"ಟ್ರಿಪ್ ಕಡಿಮೆ ಮಾಡ್ತೇನೆ. ಆದ್ರೆ ಓಡುವ ಟ್ರಿಪ್ಪಿನ ಟೈಮು ಬದಲಿಸುದಿಲ್ಲ. ಮತ್ತೆ ಯಾವತ್ತಿಂದ ಪೂರ್ತಿ ಓಡ್ತದೆ ಅಂತ ಮೊದಲೇ ಹೇಳಿಡ್ತೇನೆ. ಇಲ್ಲದಿದ್ರೆ ಜನ ಬೇರೆ ಬಸ್ಸಿಗೆ ಅಭ್ಯಾಸ ಆಗ್ತಾರೆ. ಆದ್ರೂ ಕೆಲವು ವರ್ಷ ಲಾಸೇ, ಸುಳ್ಳು ಯಾಕೆ ಹೇಳುದು."

ಸಭೆಯಲ್ಲಿ ಅಧಿಕಾರಿ ಮುಚ್ಚುಮರೆಯಿಲ್ಲದೆ ಮಾತಾಡಿದರು. ಬೇಸಗೆಯಲ್ಲಿ ಸೀಟು ತುಂಬುತ್ತದೆ, ಉಳಿದ ತಿಂಗಳು ಆ ವಿಮಾನಕ್ಕೆ ಬೇರೆಡೆ ಕೆಲಸ ಹುಡುಕಬೇಕು, ಸಿಬ್ಬಂದಿಗೆ ವರ್ಷ ವರ್ಷ ಹೊಸದಾಗಿ ಕಲಿಸಬೇಕು, ದೊಡ್ಡ ನಗರವಾದರೆ ಈ ತಾಪತ್ರಯವಿಲ್ಲ ಎಂದರು. ಮೊರೀನ್ ನನ್ನ ಮೊಣಕೈ ತಿವಿದಳು. ಎದ್ದು ನಿಂತೆ.

"ಮುಂದಿನ ಬೇಸಗೆಗೆ ವಿಮಾನ ಬರುವುದಾದರೆ ಈಗಲೇ ಹೇಳಿ" ಎಂದೆ. "ಕೊನೆಗಳಿಗೆಯಲ್ಲಿ ಹೇಳಿದರೆ ಜನ ಆಗಲೇ ಬೇರೆ ದಾರಿಯ ಟಿಕೆಟ್ ತೆಗೆದಿರುತ್ತಾರೆ. ಸಿಬ್ಬಂದಿಗೆ ಚಳಿಗಾಲದಲ್ಲಿ ಇಲ್ಲೇ ಬೇರೆ ಕೆಲಸ ಕೊಡಿ, ವರ್ಷ ವರ್ಷ ಕಲಿಸುವುದು ತಪ್ಪುತ್ತದೆ. ನಾನೇ ಈಗ ರೆಕ್ಕೆ ತೊಳೆಯುತ್ತಿದ್ದೇನೆ."

ಚಪ್ಪಾಳೆ ಬಿತ್ತು. ಅಧಿಕಾರಿ ನೋಡೋಣ ಎಂದರು.

ಫೆಬ್ರವರಿಯಲ್ಲಿ ಸುದ್ದಿ ಬಂತು. ವಿಮಾನ ಬರುತ್ತದೆ, ಚಿಕ್ಕದು, ಬೇಸಗೆಯ ನಡುವಿನ ತಿಂಗಳುಗಳಿಗೆ ಮಾತ್ರ. ನನ್ನ ಮಾತಿನಿಂದ ಹೀಗಾಯಿತೆಂದು ನಾನು ನಂಬಿಲ್ಲ. ಆಚೆ ವರ್ಷ ಏನೋ, ಯಾರಿಗೂ ಗೊತ್ತಿಲ್ಲ. ಆದರೆ ನನಗೀಗ ಎರಡೂ ಕಾಲದಲ್ಲಿ ಕೆಲಸವಿದೆ. ಉಮೇಶ್ ಟೊರೊಂಟೊ ಮಾತು ಎತ್ತುವುದಿಲ್ಲ. ಮಹಡಿಯ ಮನೆಯೊಂದನ್ನು ನೋಡಿ ಬಂದಿದ್ದಾರೆ.

ಇದಕ್ಕೆ ಬೆಲೆಯೂ ಉಂಟು. ಬೇಸಗೆಯಲ್ಲಿ ವಿಮಾನ, ಚಳಿಯಲ್ಲಿ ಹಿಮ. ಅಕ್ಕನ ಮಗಳ ಮದುವೆ ಡಿಸೆಂಬರಿನಲ್ಲಿ ನಡೆಯಿತು, ನಾನು ಫೋನಿನಲ್ಲಿ ನೋಡಿದೆ. ನನಗೆ ರಜೆ ಸಿಗುವುದು ಅಕ್ಟೋಬರಿನಲ್ಲಿ. ಕಳೆದ ಅಕ್ಟೋಬರಿನಲ್ಲಿ ಊರಿಗೆ ಹೋಗಿದ್ದೆ. ಬೆಳ್ತಂಗಡಿ ಪೇಟೆಯಲ್ಲಿ ಅಕ್ಕನ ಜೊತೆ ತಿರುಗುವಾಗ ಅವಳು ಕೇಳಿದಳು, "ಇನ್ನೊಂದು ಬಸ್ಸು ತೆಗೀವ ಅಂತ ಉಂಟು. ನೀನು ನೋಡಿಕೊಳ್ತಿಯಾ?" ಆಸೆಯಾಗಲಿಲ್ಲವೆಂದರೆ ಸುಳ್ಳು. ಇಲ್ಲವೆಂದೆ. ಅವಳು ಎರಡನೇ ಸಲ ಕೇಳಲಿಲ್ಲ.

ಹೊರಡುವವರು ನಮ್ಮಲ್ಲಿ 'ಹೋಗ್ತೇನೆ' ಎನ್ನುವುದಿಲ್ಲ, 'ಬರ್ತೇನೆ' ಎನ್ನಬೇಕು. ಅಕ್ಕನ ಅಂಗಳದಲ್ಲಿ ಕಾರು ಹತ್ತುವಾಗ ಹಾಗೆಯೇ ಅಂದೆ. ಆಗ ನೆನಪಾಯಿತು. ಸೇಂಟ್ ಜಾನ್ಸಿನಿಂದ ಹೊರಟ ದಿನ ನನ್ನನ್ನು ಬಿಡಲು ಬಂದ ಮೊರೀನ್‌ಗೆ, ಅವಳಿಗೆ ಅರ್ಥವಾಗದೆಂದು ತಿಳಿದೂ, ಅದೇ ಮಾತನ್ನು ತುಳುವಿನಲ್ಲಿ "ಬರ್ಪೆ" ಎಂದಿದ್ದೆ.