ಅಪ್ಪಿಯಕ್ಕನ ಹಂದಿ ಅಣಬೆ

ಅಣಬೆ ವ್ಯಾಪಾರ ಮೀನಿನ ವ್ಯಾಪಾರದ ಹಾಗಲ್ಲ. ಮೀನು ಹಾಳಾಗಿದ್ದರೆ ಮೂಗು ಹೇಳುತ್ತದೆ. ಅಣಬೆ ಕೆಟ್ಟದ್ದೆಂದು ಗೊತ್ತಾಗುವುದು ಹೊಟ್ಟೆಗೆ ಹೋದ ಮೇಲೆ. ಕೆಲವೊಮ್ಮೆ ಅದೂ ಮನೆಯವರಿಗೆ ಮಾತ್ರ. ತಿಂದವನು ತಿಳಿದುಕೊಳ್ಳಲು ಉಳಿದಿರುವುದಿಲ್ಲ.

ಹಾಗಾಗಿ ನೆರಿಯದ ಅಪ್ಪಿ ಮಾರುತ್ತಿದ್ದದ್ದು ಅಣಬೆಯನ್ನಲ್ಲ, ತನ್ನ ಮಾತನ್ನು. ಮಳೆ ಹಿಡಿದಲ್ಲಿಂದ ನವರಾತ್ರಿಯವರೆಗೆ ಮುಂಡಾಜೆಯಲ್ಲಿ ಅಬ್ದುಲ್ ರವೂಫನ ದಿನಸಿ ಅಂಗಡಿಯ ಜಗಲಿಯಲ್ಲಿ ಬುಟ್ಟಿ ಇಟ್ಟು ಕೂತರೆ, ಬೆಳಗ್ಗಿನ ಎರಡನೆಯ ಬಸ್ಸು ಬರುವಷ್ಟರಲ್ಲಿ ಬುಟ್ಟಿ ಖಾಲಿ. ಉಪ್ಪಳಿಗೆ ಮರದ ಅಗಲ ಎಲೆಯಲ್ಲಿ ಕಟ್ಟಿ, ಬಾಳೆಯ ನಾರು ಬಿಗಿದ ಕಟ್ಟು. ಬಿಚ್ಚಿ ನೋಡುವವರಿಲ್ಲ. ಹೊಸ ಜಾಗದಲ್ಲಿ ಸಿಕ್ಕಿದ ಅಣಬೆಯ ಮೊದಲ ಮುಷ್ಟಿ ಅವಳ ಮನೆಯ ಮಡಕೆಗೆ. ಅವಳೂ ಗಂಡ ಮಾಯಿಲಪ್ಪನೂ ತಿಂದು ಎರಡು ದಿನ ನೆಟ್ಟಗೆ ತಿರುಗಾಡಿದ ಮೇಲೆಯೇ ಆ ಜಾಗದ ಅಣಬೆ ಪೇಟೆಗೆ. ಸಾರಿಗೆ ಬೆಳ್ಳಿ ಕಾಸು ಹಾಕಿ ನೋಡುವುದು, ಅರಸಿನ ಹಾಕಿ ನೋಡುವುದು ಇವೆಲ್ಲ ಅವಳ ಪ್ರಕಾರ ಸಾಯಲು ಅವಸರವಿದ್ದವರ ಪರೀಕ್ಷೆಗಳು.

ಮಲೆಕುಡಿಯರ ಮನೆಯಲ್ಲಿ ಹುಟ್ಟಿದ ಅಪ್ಪಿಗೆ ಕಾಡು ಕಲಿಸಿದ್ದು ಅಜ್ಜಿ. ಶಾಲೆ ಮೂರನೆಯ ಕ್ಲಾಸಿಗೆ ಮುಗಿಯಿತು. ಮದುವೆಯಾಗಿ ನಾಲ್ಕು ಮನೆ ಆಚೆಗೆ ಬಂದಳು, ಅಷ್ಟೆ, ಗುಡ್ಡ ಬದಲಾಗಲಿಲ್ಲ. ಒಮ್ಮೆ ಹೊಸದಾಗಿ ಬಂದ ಫಾರೆಸ್ಟ್ ಗಾರ್ಡನೊಬ್ಬ ಅವಳ ಬುಟ್ಟಿ ಕಿತ್ತುಕೊಂಡು, ಕಾಡಿನ ಸೊತ್ತು ಸರಕಾರದ್ದು ಎಂದ. ಮರುದಿನ ಮೂವತ್ತೆಂಟು ಹೆಂಗಸರನ್ನು ಕರೆದುಕೊಂಡು ಹೋಗಿ ಆಫೀಸಿನ ಅಂಗಳದಲ್ಲಿ ಕೂತಳು. ಘೋಷಣೆ ಕೂಗಲು ಅವರಿಗೆ ಬರುತ್ತಿರಲಿಲ್ಲ. ಒಲೆ ಹೂಡಿ ಗಂಜಿ ಬೇಯಿಸಿದರು, ಎಲೆ ಅಡಿಕೆ ತಿಂದರು, ಅಲ್ಲೇ ಉಗುಳಿದರು. ಮೂರನೆಯ ದಿನ ಬುಟ್ಟಿ ವಾಪಸು ಬಂತು, ಅಣಬೆ ಕೊಳೆತಿತ್ತು. "ಸರಕಾರದ ಸೊತ್ತು ಹೀಗೇ ಆಗುದು," ಎಂದು ಸಾಹೇಬರ ಮೇಜಿನ ಮೇಲೆ ಸುರಿದು ಬಂದಳು. ಆಮೇಲೆ ಅವಳ ಬುಟ್ಟಿಯನ್ನು ಯಾರೂ ಮುಟ್ಟಲಿಲ್ಲ.

ಇಂಥವಳ ಮಾತಿಗೆ ಮೊದಲ ಸಲ ಪೆಟ್ಟು ಬಿದ್ದದ್ದು ಹೋದ ವರ್ಷ ಮಳೆ ಇಳಿಯುವ ಸೋಣ ತಿಂಗಳಲ್ಲಿ. ಹೊಡೆದವಳು ರವೂಫನ ತಂಗಿಯ ಮಗಳು ಜುವೈರಿಯಾ. ಬಂಟ್ವಾಳದ ಹುಡುಗಿ, ಮೂಡುಬಿದಿರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಎಂಎಸ್ಸಿ. ಮಾಮನ ಅಂಗಡಿಗೆ ಬಂದವಳು ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮೊಬೈಲು ಚಾಚಿದಳು.

"ಅಪ್ಪಿಯಕ್ಕ, ಇದನ್ನು ಎಲ್ಲಿಯಾದ್ರೂ ನೋಡಿದ್ದೀರಾ?"

ಅಪ್ಪಿ ಮೊಬೈಲನ್ನು ಒಂದು ಮೊಳ ದೂರ ಹಿಡಿದು ನೋಡಿದಳು. ಎಲೆ ಇಲ್ಲ, ಹಸಿರಿಲ್ಲ. ನೆಲದಿಂದ ಎದ್ದ ದಪ್ಪ ಕೆಂಪು ದಂಟು, ಮೇಲೆ ಕೋಳಿಮೊಟ್ಟೆಯಂಥ ತಲೆ.

"ಇದಾ? ಹಂದಿ ಅಣಬೆ. ನಾನೇ ಇಟ್ಟ ಹೆಸರು. ಮೇಲೆ ಒಂದೇ ಒಂದು ಕಡೆ ಏಳ್ತದೆ. ತಿನ್ಲಿಕ್ಕೆ ಆಗುದಿಲ್ಲ."

"ಅಣಬೆ ಅಲ್ಲ ಅಕ್ಕ. ಗಿಡ ಇದು. ಬಲನೋಫೊರಾ ಅಂತ. ಆ ತಲೆ ಇಡೀ ಹೂವು. ನಮ್ಮ ಸರ್ ನಾಲ್ಕು ವರ್ಷದಿಂದ ಹುಡುಕ್ತಾ ಇದ್ದಾರೆ."

"ಇಷ್ಟೆಲ್ಲ ಕಲ್ತು ಅಣಬೆಗೂ ಹೂವಿಗೂ ವ್ಯತ್ಯಾಸ ಗೊತ್ತಾಗದಿದ್ರೆ ಹೇಗೆ ಮಗಾ?"

ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಪಕ್ಕದಲ್ಲಿ ಧರ್ಣಪ್ಪ ನಿಂತಿದ್ದ. ಸೊಸೈಟಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಕೈಯಲ್ಲಿ ಕೆಲಸವಿಲ್ಲ, ನಾಲಗೆಗೆ ಬಿಡುವಿಲ್ಲ. ಆಗಷ್ಟೇ ಕೊಂಡ ಕಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದ.

"ನಿಲ್ಲು ಅಪ್ಪಿ. ಕಾಲೇಜಿನವರು ಹೂವು ಅಂತಾರೆ, ನೀನು ಅಣಬೆ ಅಂತಿ. ಹಾಗಾದ್ರೆ ನೀನು ನಂಗೆ ಕಟ್ಟಿಕೊಟ್ಟದ್ದು ಎಂಥದ್ದು? ಸೇವಂತಿಗೆಯಾ?"

"ಸೇವಂತಿಗೆಯಾದ್ರೆ ನಿಮ್ಮ ಹೆಂಡತಿ ಮುಡಿದುಕೊಳ್ಳಲಿ ಧರ್ಣಪ್ಪಣ್ಣ."

ಬಸ್ಸಿಗೆ ಕಾದು ನಿಂತವರೆಲ್ಲ ನಕ್ಕರು. ಅಪ್ಪಿಯೂ ನಕ್ಕಳು. ಆದರೆ ನಗೆ ಬಸ್ಸು ಹತ್ತಿ ಹೋಯಿತು. ಕಕ್ಕಿಂಜೆಯಲ್ಲಿ ಇಳಿಯುವಾಗ ಅದು 'ಅಪ್ಪಿಗೆ ಅಣಬೆಯ ಗುರುತು ತಪ್ಪಿದೆಯಂತೆ' ಎಂದಾಗಿತ್ತು. ಸಂಜೆಗೆ 'ಕಣ್ಣು ಮಂಜಾಗಿದೆಯಂತೆ' ಆಯಿತು. ಮರುದಿನ ಬುಟ್ಟಿಯಲ್ಲಿ ಮೂರು ಕಟ್ಟು ಉಳಿದವು, ಅದರ ಮಾರನೆಯ ದಿನ ಏಳು. ಹತ್ತು ವರ್ಷದಿಂದ ಕೊಳ್ಳುತ್ತಿದ್ದ ಹೆಂಗಸೊಬ್ಬಳು ನಾರು ಬಿಚ್ಚಿ, ಒಂದೊಂದೇ ಅಣಬೆ ತಿರುಗಿಸಿ ನೋಡಿ, ಇವತ್ತು ಸಂಕಷ್ಟಿ ಎಂದು ಇಟ್ಟು ಹೋದಳು. ಸಂಕಷ್ಟಿ ಕಳೆದು ಮೂರು ದಿನವಾಗಿತ್ತು.

ಉಳಿದದ್ದನ್ನೆಲ್ಲ ಮನೆಯಲ್ಲಿ ತಿನ್ನಬೇಕಾಗಿ ಬಂದ ಮಾಯಿಲಪ್ಪ, "ಇನ್ನು ಒಂದು ಹೊತ್ತು ತಿಂದ್ರೆ ನನ್ನ ಬೆನ್ನಲ್ಲೇ ಮೊಳೆಯುತ್ತದೆ ಮಾರಾಯ್ತಿ," ಎಂದ.

ಅವಳನ್ನು ನಿಜವಾಗಿ ಕೆರಳಿಸಿದ್ದು ಬೆಳ್ತಂಗಡಿಯಿಂದ ಬಸ್ಸಿಳಿದ ಧರ್ಣಪ್ಪ. ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಒಳಗೆ ಸುಲಿದ ಕೋಳಿಮೊಟ್ಟೆಯ ಹಾಗೆ ಬಿಳುಚಿಕೊಂಡ, ಶೆಡ್ಡಿನಲ್ಲಿ ಬೆಳೆಸಿದ ಅಣಬೆ. ಅದನ್ನು ಅವಳ ಮುಖದೆದುರು ಹಿಡಿದ. "ನೋಡು ಅಪ್ಪಿ. ಲೇಬಲ್ ಉಂಟು."

ಅಪ್ಪಿ ಅಂಗಡಿಯೊಳಗೆ ತಲೆ ಹಾಕಿದಳು. "ರವೂಫ, ಆ ನಿನ್ನ ತಂಗಿಯ ಮಗಳಿಗೆ ಫೋನು ಮಾಡು. ಅವಳ ಹೂವನ್ನು ನಾನು ತೋರಿಸ್ತೇನೆ. ಹೂವಾದ್ರೆ ಅದಕ್ಕೆ ನೊಣವಾದ್ರೂ ಜೇನಾದ್ರೂ ಬರಬೇಕು. ಬಾರದಿದ್ರೆ ಅವಳು ಇದೇ ಜಗಲಿಯಲ್ಲಿ ನಿಂತು ಅದು ಅಣಬೆ ಅಂತ ಹೇಳ್ಬೇಕು."

"ಬಂದ್ರೆ?" ಎಂದ ರವೂಫ.

"ಬರುದಿಲ್ಲ."

ಆದಿತ್ಯವಾರ ಬೆಳಕು ಹರಿಯುವಾಗ ಇಬ್ಬರೂ ಗುಡ್ಡ ಹತ್ತಿದರು. ಜುವೈರಿಯಾಳ ಕಾಲಿಗೆ ಜಿಗಣೆ ಏರದ ಉದ್ದದ ಕಾಲುಚೀಲ, ಬೆನ್ನಿಗೆ ಚೀಲ. ಅಪ್ಪಿಯ ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ರಸ. ಮೊದಲ ತೋಡು ದಾಟುವಷ್ಟರಲ್ಲಿ ಹುಡುಗಿಯ ಕತ್ತಿನ ಮೇಲೆ ಎರಡು ಜಿಗಣೆ.

"ಅವು ಕಾಲಿನಿಂದ ಮಾತ್ರ ಬರ್ತವೆ ಅಂತ ನಿಂಗೆ ಯಾರು ಹೇಳಿದ್ದು?" ಎಂದು ಕಿತ್ತು ಎಸೆದಳು ಅಪ್ಪಿ. "ಪುಸ್ತಕದಲ್ಲಿ ಉಂಟಾ?"

"ಪುಸ್ತಕದಲ್ಲಿ ಇಲ್ಲ. ಈ ಕಾಲುಚೀಲ ಮಾರಿದ ಅಂಗಡಿಯವ ಹೇಳಿದ್ದು."

ಸುಮಾರು ಮೂರು ಗಂಟೆ ನಡೆದ ಮೇಲೆ, ಹಗಲೂ ಮಬ್ಬಾಗಿರುವ ಒಂದು ಮಗ್ಗುಲಲ್ಲಿ, ದೊಡ್ಡ ಮರವೊಂದರ ಬುಡದ ತರಗೆಲೆಯ ನಡುವೆ ಅವು ಎದ್ದಿದ್ದವು. ಎಣಿಸಿದರೆ ಹದಿನೇಳು. ಜುವೈರಿಯಾ ಮೊಣಕಾಲೂರಿ ಒಂದೊಂದರದ್ದೂ ಫೋಟೋ ತೆಗೆದಳು. ಆಮೇಲೆ ಚೀಲದಿಂದ ಮಸೂರ ತೆಗೆದು ಅಪ್ಪಿಯ ಕಡೆ ಚಾಚಿದಳು.

ಅಪ್ಪಿ ಮೊದಲು ಮಸೂರ ಹಿಡಿಯಲಿಲ್ಲ. ತನ್ನ ರೀತಿಯಲ್ಲಿ ಶುರು ಮಾಡಿದಳು. ಒಂದರ ಬುಡದ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಸರಿಸಿದಳು. ಅಣಬೆಯಾದರೆ ಅಡಿಯಲ್ಲಿ ಹುತ್ತ ಬೇಕು, ಕೊಳೆತ ಮರ ಬೇಕು, ಇಲ್ಲವೇ ಬಿಳಿಯ ನೂಲು. ಇಲ್ಲಿ ಅದ್ಯಾವುದೂ ಇಲ್ಲ. ಗೆಣಸಿನಂಥ ಒಂದು ಗಂಟು, ಆ ಗಂಟು ಮರದ ಬೇರನ್ನು ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮೂವತ್ತು ವರ್ಷ ಮೇಲಿಂದ ನೋಡಿ ಹೆಸರಿಟ್ಟವಳು ಬುಡ ನೋಡಿದ್ದು ಅದೇ ಮೊದಲು.

"ಇದು ಬಂದಣಿಕೆ ಅಲ್ವಾ?" ಎಂದಳು. "ಮಾವಿನ ಕೊಂಬೆಗೆ ಬರ್ತದಲ್ಲ, ಹಾಗೆ. ಇದು ಬೇರಿಗೆ ಬಂದದ್ದು."

"ಹೌದು ಅಕ್ಕ. ಊಟ ಎಲ್ಲ ಮರದ್ದೇ. ಅದಕ್ಕೇ ಎಲೆಯೂ ಬೇಡ, ಹಸಿರೂ ಬೇಡ."

"ಕೂತು ತಿನ್ನುವ ಜಾತಿ. ನಮ್ಮ ಪೇಟೆಯಲ್ಲೂ ಇದ್ದಾರೆ."

ಮಣ್ಣು ಮುಚ್ಚಿ, ತರಗೆಲೆ ಹರಡಿ, ಕಲ್ಲಿನ ಮೇಲೆ ಕೂತಳು. ಜೇನು ಬಾರದೆ ತಾನು ಏಳುವುದಿಲ್ಲ ಎಂದಳು. ಅವಳ ಧರಣಿಯ ಅಭ್ಯಾಸ. ಮೊದಲು ಇರುವೆ ಬಂದವು. "ಇರುವೆ ಹೆಣಕ್ಕೂ ಬರ್ತದೆ, ಲೆಕ್ಕಕ್ಕಿಲ್ಲ," ಎಂದಳು. ತಂದ ಅವಲಕ್ಕಿ ಮುಗಿಯಿತು. ಬಿಸಿಲು ಎಲೆಗಳ ಸಂದಿಯಿಂದ ಒಂದು ಅಂಗೈಯಷ್ಟು ಇಳಿಯಿತು. ಆಗ ಒಂದು ಮುಜಂಟಿ ಬಂತು. ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟುವ, ಕಚ್ಚದ ಸಣ್ಣ ಜೇನುನೊಣ. ಬಿಳಿ ಚುಕ್ಕೆಗಳಿದ್ದ ತಲೆಯೊಂದರ ಮೇಲೆ ಕೂತಿತು, ಸುತ್ತು ಹಾಕಿತು, ಹಿಂಗಾಲಿಗೆ ಬಿಳಿ ಹಿಟ್ಟು ಮೆತ್ತಿಕೊಂಡು ಎದ್ದಿತು. ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕು.

ಮುಜಂಟಿ ಯಾವ ಅಣಬೆಯಿಂದಲೂ ಹೀಗೆ ಹಿಟ್ಟು ಹೊತ್ತದ್ದನ್ನು ಅಪ್ಪಿ ಜನ್ಮದಲ್ಲಿ ನೋಡಿರಲಿಲ್ಲ. ಈಗ ಮಸೂರ ತೆಗೆದುಕೊಂಡಳು. ಬಿಳಿ ಚುಕ್ಕೆ ಒಂದೊಂದೂ ಹೂವು. ಅರಳಿ, ದಳ ಮಡಚಿಕೊಂಡಿತ್ತು. ಇದು ಗಂಡು, ಪಕ್ಕದ ತಲೆ ಹೆಣ್ಣು ಎಂದಳು ಜುವೈರಿಯಾ. ಅದರಲ್ಲಿ ಸಾಸಿವೆಯ ನೂರರಲ್ಲಿ ಒಂದು ಪಾಲು ಎನ್ನಬಹುದಾದ ಹೂಗಳು, ಸಾವಿರಗಟ್ಟಲೆ. ಅವಳು ಹದಿನೇಳನ್ನೂ ಒಂದೊಂದಾಗಿ ನೋಡಿದಳು. ಒಂದರ ವಾಸನೆ ನೋಡಿ, "ಇಲಿಯ ಗೂಡಿನ ಹಾಗೆ," ಎಂದು ಮುಖ ಸಿಂಡರಿಸಿದಳು.

ಇಳಿಯುವಾಗ ಜುವೈರಿಯಾಳೇ ಮಾತು ತೆಗೆದಳು. "ಅಕ್ಕ, ಪೇಟೆಯಲ್ಲಿ ಹೇಳುವುದು ಬೇಡ. ಜೇನು ಬರಲಿಲ್ಲ ಅಂತ ನಾನೇ ಹೇಳ್ತೇನೆ. ಅಣಬೆ ಅಂತಲೇ ಇರ್ಲಿ. ನಿಮ್ಮ ವ್ಯಾಪಾರ..."

ಅಪ್ಪಿ ನಿಂತಳು. "ನೀನು ಒಳ್ಳೆಯವಳು, ಆದ್ರೆ ಬುದ್ಧಿ ಇಲ್ಲ. ಅಣಬೆಯ ವಿಷಯದಲ್ಲಿ ಒಂದು ಸುಳ್ಳು ಹೇಳಿದವಳು ಎರಡನೆಯದ್ದೂ ಹೇಳ್ತಾಳೆ. ಮೂರನೆಯದ್ದಕ್ಕೆ ಊರಲ್ಲಿ ಹೆಣ ಬೀಳ್ತದೆ. ಸುಮ್ಮನೆ ನಡಿ, ಜಾರುತ್ತದೆ."

ಸೋಮವಾರ ಬುಟ್ಟಿಯಲ್ಲಿ ಹದಿನೈದು ಕಟ್ಟು ಇತ್ತು. ಊರಿಗೆ ಹೊರಟ ಜುವೈರಿಯಾ ಚೀಲ ಹಿಡಿದು ಜಗಲಿಯಲ್ಲೇ ನಿಂತಿದ್ದಳು. ಎರಡನೆಯ ಬಸ್ಸಿನ ಜನ ಸೇರುವವರೆಗೆ ಅಪ್ಪಿ ಕಾದಳು. ಧರ್ಣಪ್ಪ ಬಂದು ಕಂಬಕ್ಕೆ ಒರಗಿದ ಮೇಲೆ ಎದ್ದು ನಿಂತಳು.

"ಕೇಳಿ. ನಾನು ಹಂದಿ ಅಣಬೆ ಅಂತ ಹೇಳಿದ್ದು ಅಣಬೆ ಅಲ್ಲ. ಹೂವು. ನಿನ್ನೆ ನೋಡಿ ಬಂದೆ. ಈ ಹುಡುಗಿ ಹೇಳಿದ್ದೇ ಸರಿ."

ರವೂಫ ತಕ್ಕಡಿಯನ್ನು ಹಾಗೇ ಬಿಟ್ಟ. ಧರ್ಣಪ್ಪನಿಗೆ ಇಂಥ ಹಬ್ಬ ಬಂದು ವರ್ಷವಾಗಿತ್ತು.

"ಅಂದ್ರೆ ಮೂವತ್ತು ವರ್ಷ ನಿಂಗೆ ಗೊತ್ತಿರ್ಲಿಲ್ಲ?"

"ಗೊತ್ತಿರ್ಲಿಲ್ಲ. ಗೊತ್ತಿಲ್ಲದ್ದಕ್ಕೇ ಮೂವತ್ತು ವರ್ಷ ನಿಮಗೆ ತಿನ್ನಿಸ್ಲಿಲ್ಲ. ಬುಟ್ಟಿಗೇ ಹಾಕ್ಲಿಲ್ಲ. ಹಾಕಿದ್ದು ಯಾವುದಾದ್ರೂ ನಿಮ್ಮ ಹೊಟ್ಟೆಗೆ ಹೋಗಿ ತೊಂದರೆ ಕೊಟ್ಟದ್ದಿದ್ರೆ ಈಗ ಹೇಳಿ, ಬುಟ್ಟಿ ಮಗುಚಿ ಮನೆಗೆ ಹೋಗ್ತೇನೆ."

ಜನ ಬಸ್ಸು ಬರುವ ದಾರಿ ನೋಡಿದರು, ತೊಂದರೆ ಆಯಿತೆಂದವರಿಲ್ಲ. ಬುಟ್ಟಿಗೆ ಕೈ ಹಾಕಿದವರೂ ಇಲ್ಲ. ಅಪ್ಪಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತೇ ಇದ್ದಳು. ಆಗ ಅಂಗಡಿಯೊಳಗಿಂದ ಕಾಂತಿಯಮ್ಮ ಹೊರಗೆ ಬಂದರು. ಮುಂಡಾಜೆಯ ದೊಡ್ಡ ತೋಟದ ಯಜಮಾನಿ, ಎಪ್ಪತ್ತು ದಾಟಿದೆ, ಅವರು ಬೆಲ್ಲ ಕೊಂಡ ಅಂಗಡಿಯಲ್ಲಿ ಊರು ಬೆಲ್ಲ ಕೊಳ್ಳುತ್ತದೆ.

"ನನಗೆ ನಾಲ್ಕು ಕಟ್ಟು ಕೊಡು ಅಪ್ಪಿ," ಎಂದರು. ಆಮೇಲೆ ಜನರ ಕಡೆ ತಿರುಗಿ, ಗದರುವ ದನಿಯೇನೂ ಇಲ್ಲದೆ ಹೇಳಿದರು: "ನನ್ನ ಮಾವ ಸತ್ತದ್ದು ಅಣಬೆ ತಿಂದು. ತಂದುಕೊಟ್ಟವನಿಗೆ ಎಲ್ಲ ಗೊತ್ತಿತ್ತಂತೆ. ಅವನು ಒಂದು ದಿನವೂ ಗೊತ್ತಿಲ್ಲ ಅಂತ ಹೇಳಿದವನಲ್ಲ."

ಬಸ್ಸು ಹಾರ್ನು ಹೊಡೆಯಿತು. ಆ ಗಡಿಬಿಡಿಯಲ್ಲಿ ಆರು ಕಟ್ಟು ಹೋದವು. ಸಂಕಷ್ಟಿಯ ಹೆಂಗಸು ಎರಡು ತೆಗೆದುಕೊಂಡಳು, ಬಿಚ್ಚಲಿಲ್ಲ. ಡ್ರೈವರ್ ಕಿಟಕಿಯಿಂದ ಕೈ ಚಾಚಿ ಒಂದು ತೆಗೆದುಕೊಂಡ. ಒಂದನ್ನು ಅಪ್ಪಿಯೇ ಜುವೈರಿಯಾಳ ಚೀಲಕ್ಕೆ ತುರುಕಿದಳು. "ನಿನ್ನ ಸರ್ ಹತ್ರ ಹೇಳು, ಹೂವು ನೋಡ್ಲಿಕ್ಕೆ ಬರುವುದಾದ್ರೆ ಒಬ್ಬರೇ ಬರ್ಲಿ. ಬಸ್ಸು ಮಾಡಿ ಕ್ಲಾಸನ್ನೇ ತಂದ್ರೆ ದಾರಿ ತೋರಿಸುದಿಲ್ಲ. ಹದಿನೇಳೇ ಇರುವುದು, ನೂರು ಕಾಲು ಬಂದ್ರೆ ಒಂದೂ ಉಳಿಯುದಿಲ್ಲ."

ಧರ್ಣಪ್ಪ ಕಂಬ ಬಿಟ್ಟು ಹತ್ತಿರ ಬಂದ. ಬುಟ್ಟಿಯಲ್ಲಿ ಒಂದೇ ಕಟ್ಟು ಉಳಿದಿತ್ತು. ಕೈ ಚಾಚಿದ.

ಅಪ್ಪಿ ಕಟ್ಟನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. "ನಿಮ್ಮ ಡಬ್ಬಿಯ ಅಣಬೆ ಮುಗೀತಾ?"

"ಅದು ಎಂಥದ್ದು ಮಾರಾಯ್ತಿ, ಒದ್ದೆ ಥರ್ಮೋಕೋಲು ತಿಂದ ಹಾಗೆ. ಹೆಂಡತಿ ಬೈದು ಇಟ್ಟಿದ್ದಾಳೆ."

"ಎಷ್ಟು ಬೈದಳು?"

"ಸಮಾ ಬೈದಳು."

"ಹಾಗಾದ್ರೆ ತಗೊಳ್ಳಿ," ಎಂದು ಕಟ್ಟನ್ನು ಅವನ ಕೈಗಿಟ್ಟು, ಅಪ್ಪಿ ಖಾಲಿ ಬುಟ್ಟಿಯನ್ನು ಮಗುಚಿ ಮಣ್ಣು ಕೊಡವಿದಳು.