ಬೋರ್ಡಿನ ಮೂಲ್ಯಾಗಿನ ಹೆಸರು

ನಾ ಬರದ ಬೋರ್ಡಿನ ಮ್ಯಾಲ ನನ್ನ ಹೆಸರು ಒಂದ ಸಲನೂ ಹಾಕಿಲ್ಲ. ಯಾರೂ ಬ್ಯಾಡ ಅಂದಿದ್ದಿಲ್ಲ. ನನಗ ಹೊಳದಿದ್ದಿಲ್ಲ, ಅಷ್ಟ. ರಾಣೇಬೆನ್ನೂರ ಬಸ್‌ಸ್ಟ್ಯಾಂಡಿನ ಹಿಂದ ನಮ್ಮ ಕಾಕಾಂದು ಬೋರ್ಡ್ ಬರಿಯೂ ಅಂಗಡಿ ಇತ್ತು. ಮುಂದ ಕುಂತು ಗಿರಾಕಿ ಕೂಡ ಮಾತಾಡೂದು ಕಾಕಾ, ಹಿಂದಿನ ಖೋಲ್ಯಾಗ ತಗಡಿನ ಮ್ಯಾಲ ಬಗ್ಗಿ ಅಕ್ಷರ ಬರಿಯೂದು ನಾನು. ಹೆಣ್ಣ ಹುಡುಗಿ ಬಜಾರದಾಗ ನಿಚ್ಚಣಿಕಿ ಹತ್ತಿದ್ರ ಮಂದಿ ಏನಂದಾರು ಅಂತ ಮನ್ಯಾಗ ಅಂಜಿಕಿ. ಹಿಂಗಾಗಿ ಗೋಡಿ ಕಾಕಾಂದು, ತಗಡು ನಂದು. ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಅರ್ಧಕ್ಕರ್ಧ ಅಂಗಡಿ ಬೋರ್ಡ್ ನನ್ನ ಕೈಯಿಂದ ಆದವು, ಆದ್ರ ಅಲ್ಲಿ ಒಬ್ಬ ಸಾವಕಾರನೂ ನನ್ನ ಮುಖ ನೋಡಿದ್ದಿಲ್ಲ.

ಚಿತ್ರಕಲಾದಾಗ ಡಿಗ್ರಿ ಮುಗಿಸಿದ್ನಿ. ಅಷ್ಟೊತ್ತಿಗೆ ಹಾವೇರ್ಯಾಗ ಫ್ಲೆಕ್ಸ್ ಮಶೀನ್ ಬಂತು. ನಾ ದಿನಗಟ್ಲೆ ಕುಂತು ಬರಿಯೂ ಬೋರ್ಡನ್ನ ಅದು ಒಂದು ಚಾ ಕುಡಿಯೂದ್ರಾಗ ಹೊರಗ ಹಾಕತಿತ್ತು. ಕಾಕಾ ಹೋಗಿ ಅದರ ಮುಂದ ನಿಂತು ನೋಡಿ ಬಂದು, "ಥೂ, ಅದರಾಗ ಕೈ ಎಲ್ಲೈತಿ?" ಅಂದ. ಕೈ ಇಲ್ಲದ್ದನ್ನ ಮಂದಿ ಸುತ್ತಿ ಬಗಲಾಗ ಇಟ್ಕೊಂಡು ಒಯ್ಯಾಕತ್ತಿದ್ರು. ನಮ್ಮ ಅಂಗಡಿಗೆ ಬರೂ ಮಂದಿ ಚುಟ್ಟಾ ಹಚ್ಚಾಕ ಕಡ್ಡಿಪೆಟಗಿ ಕೇಳಾಕ ಅಷ್ಟ ಬರತಿದ್ರು.

ನನಗ ಉಳದದ್ದು ಒಂದ ದಾರಿ. ಬೆಂಗಳೂರಾಗ ಒಂದು ಕಾಲೇಜಿನ್ಯಾಗ ಡಿಸೈನ್ ಮಾಸ್ಟರ್ಸ್ ಇತ್ತು, ಅಕ್ಷರದ ಮ್ಯಾಲನ ಓದೂದು. ಅಕ್ಷರದ ಮ್ಯಾಲ ಎರಡು ವರ್ಷ ಓದಸ್ತಾರ ಅಂತ ಕೇಳಿ ನನಗ ಹುಚ್ಚ ಹಿಡದಂಗಾತು. ಹಿಂದಿನ ವರ್ಷ ಅದರ ಪ್ರವೇಶ ಪರೀಕ್ಷಾದಾಗ ಬಿದ್ದಿದ್ನಿ. ಅಪ್ಪ ಖಡಾಖಂಡಿತ ಹೇಳಿಬಿಟ್ಟ: "ಇದೊಂದ ಸಲ ನೋಡವಾ. ಆಗಲಿಲ್ಲಂದ್ರ ಮೋಟೆಬೆನ್ನೂರ ಮಂದಿಗೆ ಹೂಂ ಅಂತೀನಿ." ಮೋಟೆಬೆನ್ನೂರ ಮಂದಿ ಕೆಟ್ಟವರಲ್ಲ. ಹೊಲಾ, ಟ್ರ್ಯಾಕ್ಟರು ಎಲ್ಲಾ ಇದ್ದವರು. ಆದ್ರ ನೋಡಾಕ ಬಂದಾಗ ಹುಡುಗನ ಅವ್ವ ನನ್ನ ಉಗುರಿನ್ಯಾಗಿನ ಬಣ್ಣ ನೋಡಿ, "ಇದು ಹೋಗತೈತಲಾ?" ಅಂತ ಕೇಳಿದ್ಲು. ಅವತ್ತಿಂದ ನಾ ಸರಿಯಾಗಿ ಉಂಡಿಲ್ಲ.

ಆ ವರ್ಷ ಪರೀಕ್ಷಾ ಪಾಸಾತು. ಇಂಟರ್‌ವ್ಯೂಕ್ಕ ಪೋರ್ಟ್‌ಫೋಲಿಯೊ ತರ್ರಿ ಅಂದ್ರು, ಅಂದ್ರ ಇಷ್ಟ ದಿನ ಮಾಡಿದ ಕೆಲಸ ಎಲ್ಲಾ ಒಂದ ಕಡೆ ಕೂಡಿಸಿ ತೋರಸೂದು. ಸ್ಟುಡಿಯೋದವರ ಕ್ಯಾಮೆರಾ ಬೇಡಿ ತಗೊಂಡು ಬ್ಯಾಡಗಿ ಪೂರಾ ತಿರಗಿದ್ನಿ. ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಅರ್ಧ ಫೋಟೋ ಅಳ್ಳಾಡಿಹೋದವು. ಅಗಡಿ ಗಿರಣಿ ಬೋರ್ಡು, ಹೈವೇದ ಮ್ಯಾಲಿನ ಟೈರ್ ಅಂಗಡಿ ಬೋರ್ಡು, ಒಂದನ್ನೂ ಬಿಡಲಿಲ್ಲ.

ಇಂಟರ್‌ವ್ಯೂದಾಗ ಒಬ್ಬರು ಮೇಡಂ, ಒಬ್ಬರು ಹಿರೇ ಸರ್. ಮೇಡಂ ಫೋಟೋ ತಿರುವಿ ತಿರುವಿ ನೋಡಿದ್ರು. "ಎಷ್ಟು ಚೆನ್ನಾಗಿದೆ! ಈ ಒತ್ತಕ್ಷರಗಳನ್ನು ಎಷ್ಟು ಧೈರ್ಯವಾಗಿ ಕೂರಿಸಿದ್ದೀರಿ," ಅಂದ್ರು. ಆತು ಬಿಡು, ಸೀಟ್ ಬಂತು ಅಂತನ ತಿಳಕೊಂಡ್ನಿ.

ಅಷ್ಟ್ರಾಗ ಸರ್ ಬೋರ್ಡಿನ ಬಲಕ್ಕ ಕೆಳಗ ಬೆರಳಿಟ್ಟು, "ಇಲ್ಲಿ ಬೇರೆ ಯಾರದೋ ಹೆಸರಿದೆಯಲ್ಲ?" ಅಂದ್ರು.

"ಅದು ನಮ್ಮ ಕಾಕಾನ ಹೆಸರ್ರಿ."

"ಹಾಗಾದರೆ ಕೆಲಸ ಅವರದು."

"ಅಲ್ರಿ! ಕೆಲಸ ನಂದು. ನಮ್ಮ ಕಡೆ ಯಾರ ಬರೀಲಿ, ಅಂಗಡಿ ಯಜಮಾನನ ಹೆಸರ ಹಾಕೂದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ರು. ಒಂದು ಬ್ರಷ್ ಕೊಡ್ರಿ, ಇಲ್ಲೇ ಬರದು ತೋರಸ್ತೀನಿ ಅಂದ್ನಿ. "ಬರೆಯೋಕೆ ಬರುತ್ತೆ ಅಂತ ಪರೀಕ್ಷೆಯಲ್ಲೇ ನೋಡಿದ್ದೇವಮ್ಮ. ಇವನ್ನು ಯೋಚಿಸಿದ್ದು ಯಾರು ಅನ್ನೋದು ಪ್ರಶ್ನೆ. ಬೇರೆಯವರ ಕೆಲಸ ತಂದವರನ್ನು ನಾವು ತಗೊಳ್ಳೋ ಹಾಗಿಲ್ಲ," ಅಂದ್ರು ಸರ್.

ಬೇಕಾದ್ರ ಕಾಕಾಗ ಫೋನ್ ಹಚ್ಚಿ ಕೇಳ್ರಿ ಅಂತ ನಾನ ಹೇಳಿದ್ನಿ. ಖುಷೀಲೆ ಹೇಳಿದ್ನಿ. ನಮ್ಮ ಅಂಗಡಿ ಬಾಜೂಕಿನ ಝೆರಾಕ್ಸ್ ಅಂಗಡಿ ನಂಬರ್ ಕೊಟ್ನಿ. ಸರ್ ಎಲ್ಲಾರಿಗೂ ಕೇಳೂಹಂಗ ಸ್ಪೀಕರ್ ಹಾಕಿದ್ರು. ಝೆರಾಕ್ಸಿನವ ಕಾಕಾನ್ನ ಕೂಗೂದು, ಕಾಕಾ ಓಡಿ ಬರೂದು, ಗಂಟಲ ಸರಿಮಾಡಿಕೊಳ್ಳೂದು ಎಲ್ಲಾ ಕೇಳಿಸ್ತು.

"ಕಾಲೇಜಿನಿಂದ ಮಾತಾಡ್ತಿದ್ದೇನೆ. ಬ್ಯಾಡಗಿ ಮಾರ್ಕೆಟ್ಟಿನ ಬೋರ್ಡುಗಳು ಯಾರ ಕೆಲಸ ಸ್ವಾಮಿ?"

"ನಮಸ್ಕಾರ್ರಿ ಸಾಹೇಬ್ರ! ಬ್ಯಾಡಗಿ ಏನ್ ಕೇಳ್ತೀರಿ, ಹಾವೇರಿ ತನಕ ನೋಡ್ಕೊಂತ ಬರ್ರಿ. ಎಲ್ಲಾ ನನ್ನವ ರೀ!"

"ನಿಮ್ಮ ಹುಡುಗಿ ಏನು ಮಾಡಿದ್ದಾಳೆ?"

"ಆಕಿ ನನ್ನ ಬ್ರಷ್ ತೊಳಕೊಂತ ಬೆಳದಾಳ್ರಿ. ನನ್ನ ಕೈಯಾಗ ತಯಾರಾಗ್ಯಾಳ. ಕಣ್ಣ ಮುಚ್ಚಿ ತಗೋರಿ."

ಸರ್ ಫೋನ್ ಇಟ್ರು. ಅಯ್ಯೋ ದೇವರ! ಕಾಕಾ ಯಾಕ ಹಂಗಂದ ಅನ್ನೂದು ನನಗ ಆ ಕ್ಷಣಕ್ಕ ತಿಳೀತು. ನಮ್ಮ ಪೇಂಟರ್ ಮಂದ್ಯಾಗ ಒಬ್ಬರನ್ನ ಇನ್ನೊಬ್ಬರ ಅಂಗಡಿಗೆ ಕಳಸೂವಾಗ ಅವರನ್ನ ಹೊಗಳೂದಿಲ್ಲ, ದೃಷ್ಟಿ ಆಗತೈತಿ. ಯಜಮಾನ ತನ್ನ ಕೆಲಸ ಹೊಗಳಕೋತಾನ, ಈಕಿ ನನ್ನ ಬ್ರಷ್ ತೊಳದಾಕಿ ಅಂತಾನ. ಕೇಳಿದವಗ ತಿಳೀತೈತಿ, ಕೈ ಭಾಳ ಚಲೋ ಐತಿ ಅಂತ. ಅದಕ್ಕಿಂತ ದೊಡ್ಡ ಶಿಫಾರಸು ನಮ್ಮಲ್ಲಿ ಇಲ್ಲ. ಇದನ್ನೆಲ್ಲಾ ಅವರಿಗೆ ಹೇಳಾಕ ಹೋದ್ನಿ. ಹೇಳಿದಷ್ಟೂ ಸುಳ್ಳಿನಂಗ ಕೇಳಸಾಕತ್ತು. ನನಗ ನಂದ ಮಾತು ಸುಳ್ಳನಸಾಕತ್ತು. ಮೇಡಂ ಫೋಟೋ ಎಲ್ಲಾ ಕೂಡಿಸಿ ನನ್ನ ಕೈಯಾಗ ಕೊಟ್ರು. ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಟ್ರೇನಿನ್ಯಾಗ ಹರಿಹರ ದಾಟೂತನಕ ಅತ್ನಿ. ಕಾಕಾ ಯಾಕ ಹಂಗಂದ ಅಂತ ತಿಳದಿದ್ರೂ ಆಮ್ಯಾಲ ಸಿಟ್ಟು ಬಂತು. ಮನಿಗೆ ಹೋಗದ ಸೀದಾ ಅಂಗಡಿಗೆ ಹೋದ್ನಿ. ಕಾಕಾ ಹೊಸಾ ಅಂಗಿ ಹಾಕ್ಕೊಂಡು ನಿಂತಿದ್ದ. ಚಾದಂಗಡ್ಯಾಗಿನ ಮಂದಿಗೆಲ್ಲಾ ಸೀಟ್ ಆತು ಅಂತ ಹೇಳಿ ಮುಗಿಸಿದ್ದ.

"ಪಕ್ಕಾ ಆತಲಾ? ನಾ ಏನ್ ಕಡಿಮಿ ಹೇಳಿದ್ನಿ?"

"ಆಗಲಿಲ್ಲ! ನಿನ್ನ ಮಾತಿನಿಂದನ ಹೋತು. ಅವು ನನ್ನವು ಅಂತ ಯಾಕ ಅನ್ನಲಿಲ್ಲ ಕಾಕಾ? ನನ್ನವು ಅಂತ ಒಂದ ಮಾತು, ಒಂದ ಮಾತು ಅನ್ನಾಕ ನಿನಗ ಏನಾಗಿತ್ತು?" ರಸ್ತಾದ ಮಂದಿ ತಿರುಗಿ ನೋಡೂಹಂಗ ಒದರಿದ್ನಿ.

ಕಾಕಾಗ ಖರೇನ ತಿಳೀಲಿಲ್ಲ. "ಹಂಗಂದ್ರ, ಮಾರಾಯ್ತಿ, ನಿನಗ ಗುರುನ ಇಲ್ಲ ಅಂದಂಗ ಆಗತಿತ್ತಲ್ಲ. ಅಂಥಾಕಿನ್ನ ಯಾರು ತಗೋತಾರ?" ಅಂದ.

ನಾ ಕಟ್ಟಿ ಮ್ಯಾಲ ಕುಂತ್ನಿ. ನಡದದ್ದೆಲ್ಲಾ ಹೇಳಿದ್ನಿ. ಕಾಕಾ ಕಾಲೇಜಿನ ನಂಬರ್ ಕೇಳಿ ಇಸಕೊಂಡು ಝೆರಾಕ್ಸ್ ಅಂಗಡಿಗೆ ಹೋದ. ಬ್ಯಾಡ ಕಾಕಾ, ಮುಗದತಿ ಅಂತ ನಾನೂ ಹಿಂದ ಹೋದ್ನಿ. ಅವ ಆಗಲೇ ರಿಸೀವರ್ ಕಿವಿಗೆ ಹಚ್ಚಿದ್ದ. ಅತ್ಲಾಗ ಯಾರೋ ಕಾರಕೂನ ಎತ್ತಿದ. ಸೀಟ್ ತುಂಬಿದಾವು, ಮುಂದಿನ ವರ್ಷ ನೋಡಿ ಅಂತ ಅಂವ ಅಂದದ್ದು ನನಗೂ ಕೇಳಿಸ್ತು. ಆಮ್ಯಾಲ ಲೈನ್ ಕಟ್ಟಾಗಿ ಕುಂಯ್ ಅನ್ನೂ ಸಪ್ಪಳ ಬರಾಕತ್ತು. ಅದನ್ನ ಕೇಳಿದ್ರೂ ಕಾಕಾ ರಿಸೀವರ್ ಕೆಳಗ ಇಡಲಿಲ್ಲ.

"ನನ್ನ ಮಾತು ಕೇಳ್ರಿ ಸಾಹೇಬ್ರ," ಅಂದ ಕಾಕಾ. ಹಿಂದಕ ಕಾಕಾನ ಕೈಯಾಗನ ಬೋರ್ಡ್ ಬರಿಯಾಕ ಕಲತಿದ್ದ ಝೆರಾಕ್ಸಿನವನೂ, ಚಾದಂಗಡಿ ಮಂದಿನೂ ಅಲ್ಲೇ ನಿಂತಿದ್ರು. "ಅವು ಎಲ್ಲಾ ಆಕೀವು ರೀ. ನನಗ ಬ್ರಷ್ ಹಿಡಿಯಾಕ ಬರೂದಿಲ್ಲ. ಒಂದು ಗೆರಿ ಎಳಿಯಾಕ ಬರೂದಿಲ್ರಿ ನನಗ."