ಹನ್ನೂರ ಹೊಲದ ರನ್‌ವೇ

ಹನ್ನೂರಿನ ಶಾಂತಲಿಂಗಪ್ಪನ ಮಗಳು ರೂಪಾಲಿ ಸೋಲಾಪುರದ ಒಂದು ಕಚೇರಿಯಲ್ಲಿ ವಿಮಾನ ನಿಲ್ದಾಣಗಳ ನಕ್ಷೆ ಮಾಡುತ್ತಿದ್ದಳು. ದೊಡ್ಡವಲ್ಲ, ಸ್ವಲ್ಪ ದೂರ ಓಡಿ ಏರುವ, ಸ್ವಲ್ಪ ಜಾಗದಲ್ಲೇ ಇಳಿಯುವ ಸಣ್ಣ ವಿಮಾನಗಳ ಗಿಡ್ಡ ರನ್‌ವೇಗಳು. ಅಂಥದೊಂದು ತನ್ನ ಊರಿಗೇ ಬರುತ್ತದೆಂದು ತಿಳಿದಾಗ ಕೆಲಸವನ್ನು ಕೇಳಿ ಪಡೆದಳು.

ಇಂಥ ವಿಮಾನ ಹಗುರ. ಇಳಿಯುವಾಗ ಪಕ್ಕದಿಂದ ಗಾಳಿ ಬೀಸಿದರೆ ಹೊರಳಿಬಿಡಬಹುದು. ರನ್‌ವೇ ಗಾಳಿಗೆ ಎದುರಾಗಿಯೇ ಇರಬೇಕು. ಅಲ್ಲಿಯದು ಪಡುವಣ ಗಾಳಿ. ಉತ್ತರಕ್ಕೆ ದೊಡ್ಡ ವಿದ್ಯುತ್ ತಂತಿಗಳು, ದಕ್ಷಿಣಕ್ಕೆ ಹಳ್ಳ. ಉಳಿದದ್ದು ಒಂದೇ ಗೆರೆ. ಅದು ಅವರದೇ ಹೊಲದಲ್ಲಿ, ರೂಪಾಲಿಯ ತಮ್ಮ ಕಾಂತೇಶನ ಸಮಾಧಿಯ ಮೇಲೆ ಹಾಯುತ್ತಿತ್ತು. ಬಾವಿಯ ಮೋಟಾರಿನ ಕರೆಂಟು ಹೊಡೆದು ಸತ್ತ ಹುಡುಗ.

ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ಅವಳೇ ಹೋಗಿ ತಾಯಿ ಅಕ್ಕನಾಗಮ್ಮನಿಗೆ ಹೇಳಿದಳು.

"ಗೆರಿ ಒಂದೀಟು ಹೊಳ್ಳಸಾಕ ಬರಂಗಿಲ್ಲೇನ ರೂಪಾ?"

"ಹೊಳ್ಳಿಸಿ ನೋಡೀನಬೇ. ಅಡ್ಡಗಾಳಿ ಬಡೀತೈತಿ. ವಿಮಾನದಾಗ ಕುಂತವರೂ ಯಾರರೆ ಮಕ್ಕಳ ಅಲ್ಲೇನ?"

ಅಸ್ಥಿಯನ್ನು ಬೇರೆ ಹೊಲಕ್ಕೆ ಒಯ್ಯೋಣವೆಂದು ಶಾಂತಲಿಂಗಪ್ಪ ಹೇಳಿದಾಗ ಅಕ್ಕನಾಗಮ್ಮ ಒಪ್ಪಲಿಲ್ಲ. ತಮ್ಮ ಪದ್ಧತಿಯಂತೆ ಮಗನನ್ನು ಕುಳ್ಳಿರಿಸಿ ಮಣ್ಣು ಮಾಡಿದ್ದರು.

"ಕುಂತಾವನ್ನ ಎಬ್ಬಸಬ್ಯಾಡ್ರಿ. ಅಲ್ಲೇ ಇರ್ಲಿ."

ಮೇಲಿನ ಕಲ್ಲುಕಟ್ಟೆಯನ್ನಷ್ಟೇ ಕಿತ್ತರು. ರೋಲರು ಓಡಿತು, ಡಾಂಬರು ಬಿತ್ತು. ತಾಯಿ ಮಗಳೊಡನೆ ಮಾತು ಕಡಿಮೆ ಮಾಡಿದಳು. ಊಟಕ್ಕೆ ಕರೆಯುವುದು, ಅಷ್ಟೇ.

ಕೆಲಸ ಮುಗಿದ ಮೇಲೆ ಒಂದು ಅಮಾವಾಸ್ಯೆಯ ಮಧ್ಯಾಹ್ನ ರೂಪಾಲಿ ಅನುಮತಿ ಪಡೆದು ತಾಯಿಯನ್ನು ರನ್‌ವೇಯ ಬೇಲಿಯೊಳಗೆ ಕರೆದೊಯ್ದಳು.

"ಎಲ್ಲೈತಿ? ನನಗ ಗುರ್ತ ಹತ್ತವಲ್ತು."

ರೂಪಾಲಿ ನಡೆದು ಹೋಗಿ ಒಂದು ಕಡೆ ನಿಂತಳು. ಅಕ್ಕನಾಗಮ್ಮ ಅಲ್ಲಿ ಕುಳಿತು ಡಾಂಬರಿಗೆ ವಿಭೂತಿ ಹಚ್ಚಿ, ಸೇವಂತಿಗೆ ಇಟ್ಟು, ಅಂಗೈ ಊರಿದಳು.

"ಭಾಳ ಸುಡಾಕತ್ತೈತಿ" ಎಂದಳು.

ಕಾವಲಿನ ಧರೆಪ್ಪ ಹಿಂಜರಿಯುತ್ತ ಬಂದ. "ಅಕ್ಕಾರ, ಹೂವ ಬಿಡಾಕ ಬರಂಗಿಲ್ರಿ. ವಿಮಾನದ ಫ್ಯಾನಿನಾಗ ಸಿಗತಾವು."

ರನ್‌ವೇ ಮೇಲೆ ಏನೂ ಬಿದ್ದಿರಬಾರದೆಂದು ಕಟ್ಟಪ್ಪಣೆ ಮಾಡಿದವಳೇ ರೂಪಾಲಿ. ಹೂ ತೆಗೆಯಲು ಬಗ್ಗಿದಳು. ಅಕ್ಕನಾಗಮ್ಮ ಅವಳ ಕೈ ಸರಿಸಿ, ಒಂದೊಂದಾಗಿ ಆರಿಸಿ ಸೆರಗಿಗೆ ಕಟ್ಟಿಕೊಂಡಳು.

ಮೊದಲ ವಿಮಾನ ಇಳಿದ ದಿನ ಊರೆಲ್ಲ ಬೇಲಿಯ ಹತ್ತಿರ ನೆರೆದಿತ್ತು. ಅಕ್ಕನಾಗಮ್ಮ ಮನೆಯಲ್ಲೇ ಉಳಿದಳು. ಗಂಡ ಮರಳಿ ಬಂದಾಗ, "ಸುರಳೀತ ಇಳೀತೇನ್ರಿ?" ಎಂದು ಕೇಳಿದಳು.

"ಹೂಂ. ಸುರಳೀತ ಇಳೀತು."

ಆಕೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.